ಗೋಡೆಯ ಆಯಸ್ಸು

ಕಳೆದ ಬೇಸಿಗೆಯ ಒಂದು ಸಂಜೆ ದಾವಣಗೆರೆಯಲ್ಲಿ ನಮ್ಮ ಧರ್ಮಕೇಂದ್ರದ ಒಂದು ಕುಟುಂಬವನ್ನು ಸಂದರ್ಶಿಸಲು ಹೋಗಿದ್ದೆ. ಜಪಸರ ಪ್ರಾರ್ಥನೆ ಮುಗಿಯಿತು. ಮನೆಯ ತಾಯಿ ಚಹಾದ ಲೋಟವನ್ನು ಕೈಗಿತ್ತು, ದನಿ ತಗ್ಗಿಸಿ, "ಫಾದರ್, ನಮ್ಮ ಹುಡುಗನಿಗೆ ನೀವೇ ಸ್ವಲ್ಪ ಬುದ್ಧಿ ಹೇಳಬೇಕು. ಹತ್ತನೇ ತರಗತಿ ಪರೀಕ್ಷೆ ಮುಗಿದ ದಿನದಿಂದ ಕಂಪ್ಯೂಟರ್ ಮುಂದಿನಿಂದ ಏಳುತ್ತಿಲ್ಲ. ದಿನವಿಡೀ ಅದೇನೋ ಮನೆ ಕಟ್ಟುವ ಆಟ" ಎಂದರು. ಇಂಥ ಕೋರಿಕೆಗಳು ಯಾಜಕರಿಗೆ ಹೊಸವಲ್ಲ. ಬುದ್ಧಿ ಹೇಳುವ ಸಿದ್ಧತೆಯಿಂದಲೇ ನಾನು ಒಳಕೋಣೆಗೆ ಹೋದೆ. ಹೊರಬರುವಾಗ ಆ ಹುಡುಗನ ಪ್ರಶ್ನೆಯೊಂದನ್ನು ಹೊತ್ತುಕೊಂಡು ಬಂದೆ. ಆ ಪ್ರಶ್ನೆ ನನ್ನನ್ನು ಎಲ್ಲೆಲ್ಲಿಗೆ ಕರೆದೊಯ್ದಿತೆಂಬುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಆ ಆಟದ ಹೆಸರು ಮೈನ್‌ಕ್ರಾಫ್ಟ್. ನಿಮ್ಮ ಮನೆಯ ಮಕ್ಕಳನ್ನು ಕೇಳಿದರೆ ನನಗಿಂತ ಚೆನ್ನಾಗಿ ವಿವರಿಸಿಯಾರು. ಸ್ವೀಡನ್ ದೇಶದ ಮೊಜಾಂಗ್ ಎಂಬ ಸಂಸ್ಥೆ 2011ರಲ್ಲಿ ಇದನ್ನು ಪೂರ್ಣರೂಪದಲ್ಲಿ ಬಿಡುಗಡೆ ಮಾಡಿತು. 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಆ ಸಂಸ್ಥೆಯನ್ನು 250 ಕೋಟಿ ಡಾಲರ್‌ಗಳಿಗೆ ಕೊಂಡುಕೊಂಡಿತು. 2023ರ ಹೊತ್ತಿಗೆ ಆಟದ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಓಡಿ ಗೆಲ್ಲುವ, ಹೊಡೆದು ಗೆಲ್ಲುವ ಆಟಗಳ ಸಾಲಿಗೆ ಇದು ಸೇರಿದ್ದಲ್ಲ. ಇಲ್ಲಿ ಮಣ್ಣು, ಕಲ್ಲು, ಮರ, ಲೋಹ ಎಲ್ಲವೂ ಒಂದೊಂದು ಮೀಟರ್ ಅಳತೆಯ ಚೌಕ ದಿಮ್ಮಿಗಳಾಗಿ ದೊರೆಯುತ್ತವೆ. ಅವನ್ನು ಅಗೆದು ತಂದು, ಒಂದರ ಮೇಲೊಂದಿಟ್ಟು, ಆಡುವವನು ತನಗೆ ಬೇಕಾದುದನ್ನು ಕಟ್ಟಿಕೊಳ್ಳುತ್ತಾನೆ. ಗುಡಿಸಲಾಗಲಿ, ಅರಮನೆಯಾಗಲಿ, ಇಡೀ ಊರೇ ಆಗಲಿ, ಅದು ಅವನ ಇಷ್ಟ.

ಹುಡುಗ ತೆರೆಯ ಮೇಲೆ ಒಂದು ಪುಟ್ಟ ಮನೆಯನ್ನು ತೋರಿಸಿದ. "ಫಾದರ್, ಇದು ನಾನು ಆರನೇ ಕ್ಲಾಸಿನಲ್ಲಿದ್ದಾಗ ಕಟ್ಟಿದ್ದು. ನಾಲ್ಕು ವರ್ಷ ಆಯ್ತು. ನೋಡಿ, ಒಂದು ಚೂರೂ ಬದಲಾಗಿಲ್ಲ. ಅದಕ್ಕೇ ಏನೋ, ಇಲ್ಲಿಗೆ ಬರೋಕೆ ಮನಸ್ಸೇ ಆಗಲ್ಲ."

ಅವನ ಮಾತಿನ ಕೊನೆಯ ಭಾಗ ನನ್ನನ್ನು ತಡೆದು ನಿಲ್ಲಿಸಿತು. ಬದಲಾಗದೆ ಉಳಿದ ಮನೆಗೆ ಮರಳಲು ಮನಸ್ಸಾಗುವುದಿಲ್ಲವೆಂದರೆ ಏನು? ಮರಳಿ ಬಂದಾಗ ಎಲ್ಲವೂ ಇದ್ದಂತೆಯೇ ಇರಲಿ ಎಂದಲ್ಲವೇ ನಾವೆಲ್ಲರೂ ಬಯಸುವುದು?

ಆ ಲೋಕದಲ್ಲಿ ಸವೆತವೇ ಇಲ್ಲವೆಂದಲ್ಲ. ಅದನ್ನೂ ಅವನು ವಿವರಿಸಿದ. ಗುದ್ದಲಿ, ಕೊಡಲಿಗಳು ಬಳಸಿದಷ್ಟೂ ಸವೆದು ಕೊನೆಗೆ ಮುರಿಯುತ್ತವೆ. ಮರದ ಕಾಂಡವನ್ನೆಲ್ಲ ಕಡಿದು ತೆಗೆದರೆ ಎಲೆಗಳು ತಾವಾಗಿಯೇ ಉದುರಿ ಹೋಗುತ್ತವೆ. 2021ರಲ್ಲಿ ಆಟದೊಳಗೆ ತಾಮ್ರವನ್ನು ಸೇರಿಸಲಾಯಿತು. ಹೊಸ ತಾಮ್ರದ ಚಾವಣಿ ಕಿತ್ತಳೆ ಬಣ್ಣದಿಂದ ಹೊಳೆಯುತ್ತದೆ. ದಿನ ಕಳೆದಂತೆ ಹಂತ ಹಂತವಾಗಿ ಮಾಸಿ, ನಾಲ್ಕನೆಯ ಹಂತದಲ್ಲಿ ಪೂರ್ತಿ ಹಸಿರಾಗುತ್ತದೆ. ಬಚ್ಚಲಮನೆಯ ಹಂಡೆಗೆ ಕಿಲುಬು ಹಿಡಿಯುವುದನ್ನು ಕಂಡ ನಮಗೆ ಇದು ಹೊಸದಲ್ಲ. ಜೇನುಮೇಣ ಸವರಿದರೆ ಬಣ್ಣ ಅಲ್ಲಿಗೇ ನಿಲ್ಲುತ್ತದೆ. ಕೊಡಲಿಯಿಂದ ಕೆರೆದರೆ ಹಿಂದಿನ ಹೊಳಪು ಮರಳುತ್ತದೆ. ಆದರೆ ಎಷ್ಟೇ ಕಿಲುಬು ಹಿಡಿದರೂ ಆ ಚಾವಣಿ ಸೋರುವುದಿಲ್ಲ, ಕುಸಿಯುವುದಿಲ್ಲ. ಬದಲಾಗುವುದು ಬಣ್ಣ ಮಾತ್ರ. ಪೆಟ್ಟಿಗೆಯಲ್ಲಿಟ್ಟ ರೊಟ್ಟಿಯಂತೂ ನಾಲ್ಕು ವರ್ಷದ ನಂತರವೂ ತಿನ್ನಲು ಯೋಗ್ಯ.

ರೊಟ್ಟಿಯ ಮಾತು ಬಂದಾಗ ನನಗೆ ವಿಮೋಚನಾಕಾಂಡದ 16ನೆಯ ಅಧ್ಯಾಯ ನೆನಪಾಯಿತು. ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಮನ್ನವನ್ನು ಅನುಗ್ರಹಿಸಿದರು. ಆದರೆ ಮೋಶೆಯ ಮಾತು ಕೇಳದೆ ಮರುದಿನಕ್ಕೆಂದು ಎತ್ತಿಟ್ಟವರ ಪಾತ್ರೆಯಲ್ಲಿ ಅದು ಹುಳುಬಿದ್ದು ನಾರಿತು. ದೇವರಿಗೆ ಕೆಡದ ಆಹಾರವನ್ನು ಕೊಡುವ ಶಕ್ತಿ ಇರಲಿಲ್ಲವೇ? ಸಬ್ಬತ್ ದಿನಕ್ಕೆಂದು ತೆಗೆದಿರಿಸಿದ ಮನ್ನ ಮಾತ್ರ ಕೆಡಲಿಲ್ಲವೆಂದು ಅದೇ ಅಧ್ಯಾಯ ಹೇಳುತ್ತದೆ. ಶಕ್ತಿ ಇತ್ತು. ಆದರೂ ದಿನದಿನಕ್ಕೆ ಕೆಡುವ ಆಹಾರವನ್ನೇ ಕೊಟ್ಟರು.

ಆಟಕ್ಕೆ ನಿಜವಾದ ಶಿಥಿಲತೆಯನ್ನು ತರಬೇಕೆಂಬುದು ಆ ಹುಡುಗನ ಹಂಬಲವಾಗಿತ್ತು. ಮಳೆಗೆ ಮಣ್ಣಿನ ಗೋಡೆ ಕರಗಬೇಕು, ಕಲ್ಲಿಗೆ ಪಾಚಿ ಹತ್ತಬೇಕು, ನೋಡಿಕೊಳ್ಳದ ಮಾಡು ಒಂದು ದಿನ ಬೀಳಬೇಕು. ಹೀಗೆ ಆಟದ ನಿಯಮಗಳನ್ನು ಬದಲಿಸಲು ಆಡುವವರೇ ಬರೆದು ಸೇರಿಸುವ ಭಾಗಕ್ಕೆ 'ಮಾಡ್' ಎನ್ನುತ್ತಾರೆ. ಅವನು "ಮಾಡ್" ಎಂದಾಗಲೆಲ್ಲ ನನ್ನ ಕಿವಿಗೆ "ಮಾಡು" ಎಂದೇ ಕೇಳುತ್ತಿತ್ತು. ಇಂಥ ಪ್ರಯತ್ನಗಳು ಬೇರೆ ಆಟಗಳಲ್ಲಿ ಆಗಿವೆಯಂತೆ. ರಸ್ಟ್ ಎಂಬ ಆಟದಲ್ಲಿ ಮನೆ ಉಳಿಯಬೇಕಾದರೆ ಮರ, ಕಲ್ಲು, ಲೋಹಗಳನ್ನು ಒಂದು ಪೆಟ್ಟಿಗೆಗೆ ತುಂಬುತ್ತಲೇ ಇರಬೇಕು. ಅದು ಬರಿದಾದರೆ ಮನೆ ಕ್ಷಯಿಸತೊಡಗುತ್ತದೆ. 2021ರಲ್ಲಿ ಬಂದ ವ್ಯಾಲ್‌ಹೈಮ್ ಎಂಬ ಆಟದಲ್ಲಿ ಮೇಲೆ ಮರೆಯಿಲ್ಲದ ಮರಗೆಲಸ ಮಳೆಗೆ ನೆನೆದು ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. "ಆದರೆ ತುಂಬಾ ಜನಕ್ಕೆ ಅದು ಬೇಜಾರು, ಫಾದರ್. ಹೊಸದು ಕಟ್ಟೋಣ ಅಂತ ಬಂದರೆ ಹಳೇದನ್ನು ರಿಪೇರಿ ಮಾಡೋದರಲ್ಲೇ ಹೊತ್ತು ಹೋಗುತ್ತೆ ಅಂತಾರೆ. ಬೇಗ ಹಾಳಾದರೆ ಆಟ ಬಿಟ್ಟು ಹೋಗ್ತಾರೆ. ನಿಧಾನವಾದರೆ ಯಾರಿಗೂ ಗೊತ್ತೇ ಆಗಲ್ಲ." ಆಮೇಲೆ ಅವನು ಕೇಳಿದ ಪ್ರಶ್ನೆ ಇದು: "ನೀವು ತುಂಬಾ ಚರ್ಚ್ ಕಟ್ಟಿಸಿದ್ದೀರಂತಲ್ಲ, ಹೇಳಿ ಫಾದರ್, ಒಂದು ಗೋಡೆಗೆ ಎಷ್ಟು ಆಯಸ್ಸು ಕೊಡಲಿ?"

ನಾನು ತಕ್ಷಣ ಉತ್ತರಿಸಲಿಲ್ಲ. "ನಾಳೆ ನನ್ನೊಡನೆ ಹರಿಹರಕ್ಕೆ ಬಾ" ಎಂದೆ. ಮಗನನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿದೆನೆಂದು ತಾಯಿಗೆ ಸಂತೋಷವಾಯಿತು.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಬಸ್ಸಿನಲ್ಲಿ ನಾನು ಅವನಿಗೆ ನನ್ನ ಬಾಲ್ಯದ ಮಾಳಿಗೆ ಮನೆಯ ಕಥೆ ಹೇಳಿದೆ. ನಮ್ಮ ಬಯಲುಸೀಮೆಯ ಹಿರಿಯ ಓದುಗರಿಗೆ ಅದು ಗೊತ್ತು. ತೊಲೆ ಜಂತೆಗಳ ಮೇಲೆ ಮಣ್ಣು ಹಾಕಿ ಮೆತ್ತಿದ ಮೇಲ್ಮುದ್ದೆಯ ಮನೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಕರಲು ಮಣ್ಣನ್ನು ತಂದು, ಮಾಳಿಗೆಯ ಮೇಲೆ ಹರಡಿ, ತುಳಿದು ಗಟ್ಟಿ ಮಾಡಬೇಕು. ಒಂದು ವರ್ಷ ತಪ್ಪಿದರೂ ಆಷಾಢದಲ್ಲಿ ಅಡುಗೆಮನೆಯ ತುಂಬ ಪಾತ್ರೆಗಳನ್ನು ಹರಡಿಕೊಂಡು ಕೂರಬೇಕು. ಹುಡುಗ ಕೇಳಿದ: "ಹಾಗಾದರೆ ಮಣ್ಣಿನ ಮಾಳಿಗೆಯ ಆಯಸ್ಸು ಒಂದು ವರ್ಷವೇ?" ಯೋಚಿಸಿದೆ. ನಮ್ಮ ಮನೆಯ ಮಾಳಿಗೆ ನಮ್ಮ ಅಜ್ಜನ ಕಾಲದ್ದು. ಪ್ರತಿ ವರ್ಷ ಒಂದೊಂದು ವರ್ಷದ ಆಯಸ್ಸನ್ನು ಕೊಡಿಸಿಕೊಳ್ಳುತ್ತಾ ಮೂರು ತಲೆಮಾರು ನಿಂತಿತ್ತು.

ಹರಿಹರದಲ್ಲಿ ನಾವು ಮೊದಲು ನೋಡಿದ್ದು ಹರಿಹರೇಶ್ವರ ದೇವಸ್ಥಾನವನ್ನು. ಹೊಯ್ಸಳ ದೊರೆ ಎರಡನೆಯ ನರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದ ಪೊಲಾಳ್ವ 1224ರಲ್ಲಿ ಇದನ್ನು ಕಟ್ಟಿಸಿದ. ಎಂಟು ನೂರು ವರ್ಷ ದಾಟಿತು. ಹುಡುಗ ಬಳಪದ ಕಲ್ಲಿನ ಕಂಬವನ್ನು ಮುಟ್ಟಿ ನೋಡಿ, "ಹಾಗಾದರೆ ಕಲ್ಲಿಗೆ 800 ಎಂದು ಬರೆದುಕೊಳ್ಳಲೇ?" ಎಂದ. ಬರೆದುಕೊಳ್ಳುವ ಮೊದಲು ಇನ್ನೊಂದು ಸಂಗತಿ ಹೇಳಿದೆ. ಪೊಲಾಳ್ವ ಕಟ್ಟಿಸಿದ 44 ವರ್ಷಗಳ ನಂತರ, 1268ರಲ್ಲಿ, ಸೋಮನಾಥಪುರವನ್ನು ಸ್ಥಾಪಿಸಿದ ದಂಡನಾಯಕ ಸೋಮ ಇಲ್ಲಿ ಹೊಸ ಭಾಗಗಳನ್ನು ಸೇರಿಸಿದ, ದತ್ತಿ ಕೊಟ್ಟ. ಮೂಲದ ಎಲ್ಲವೂ ಇಂದು ಉಳಿದಿಲ್ಲ. ಉಳಿದಿರುವುದರೊಡನೆ ನಂತರದವರ ದುರಸ್ತಿಯೂ ಸೇರಿಕೊಂಡಿದೆ.

ಕನ್ನಡ ನಾಡಿನ ಹಳೆಯ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಪದವೊಂದಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ಹಾಗೆ ಜೀರ್ಣವಾದುದನ್ನು ಮತ್ತೆ ಎತ್ತಿ ನಿಲ್ಲಿಸುವುದು. ದೇವಾಲಯಕ್ಕೆ ಭೂಮಿಯನ್ನು ದತ್ತಿ ಬಿಡುವಾಗ ಪೂಜೆಗೆ ಇಷ್ಟು, ನೈವೇದ್ಯಕ್ಕೆ ಇಷ್ಟು ಎನ್ನುವುದರ ಜೊತೆಗೇ ಮುರಿದು ಬಿರಿದದ್ದರ ದುರಸ್ತಿಗೂ ಪಾಲು ಇಡುತ್ತಿದ್ದರು. ಗೋಡೆಯ ಗಾರೆ ಹಸಿಯಾಗಿದ್ದಾಗಲೇ ಅದು ಮುಂದೊಂದು ದಿನ ಬಿರಿಯುತ್ತದೆಂದು ಒಪ್ಪಿಕೊಂಡು, ಆ ದಿನಕ್ಕೆಂದು ಗದ್ದೆಯೊಂದನ್ನು ಬಿಟ್ಟುಕೊಟ್ಟ ಜನ ಅವರು. ಹುಡುಗ 800 ಎಂದು ಬರೆದುಕೊಳ್ಳಲಿಲ್ಲ.

ಹರಿಹರಕ್ಕೆ ಹೋದವರು ಕಿರ್ಲೋಸ್ಕರ್ ಹೆಸರನ್ನು ಕೇಳದೆ ಬರುವುದಿಲ್ಲ. 1941ರಲ್ಲಿ ಇಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್ ಯಂತ್ರಗಳಿಗೆ ಹೆಸರಾಗಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದು ಬಾಗಿಲು ಮುಚ್ಚಿತು. ಅಲ್ಲಿ ದುಡಿದ ಹಿರಿಯರೊಬ್ಬರು ಹಿಂದೊಮ್ಮೆ ನನಗೆ ಹೇಳಿದ್ದರು: "ಫಾದರ್, ಲೇಥಿನ ಹಾಸಿಗೆ ದಿನಾ ಎಣ್ಣೆ ಸವರಿ ಮನೆಗೆ ಹೋಗ್ತಿದ್ವಿ. ಕೊನೇ ದಿನಾನೂ ಸವರಿ ಬಂದೆ. ಮರುದಿನ ಹೋಗೋ ಹಾಗಿರಲಿಲ್ಲ." ಇದನ್ನು ನಾನು ಹುಡುಗನಿಗೆ ಪಾಠವೆಂದು ಹೇಳಲಿಲ್ಲ. ಕೆಲಸ ಕಳೆದುಕೊಂಡವರ ದುಃಖವನ್ನು ನಮ್ಮ ಚಿಂತನೆಗೆ ಉದಾಹರಣೆಯಾಗಿ ಬಳಸುವಾಗ ಯಾಜಕರು ಎಚ್ಚರದಿಂದಿರಬೇಕು. ಆದರೂ ಆ ಎಣ್ಣೆಯ ಬಟ್ಟೆ ನನ್ನ ಕಣ್ಣ ಮುಂದೆ ಬಂದದ್ದು ನಿಜ.

ಕೊನೆಗೆ ನಾವು ಆರೋಗ್ಯ ಮಾತೆಯ ಸನ್ನಿಧಿಗೆ ಬಂದೆವು. 2019ರಲ್ಲಿ ಪೋಪ್ ಫ್ರಾನ್ಸಿಸರು ಈ ಪುಣ್ಯಕ್ಷೇತ್ರಕ್ಕೆ ಕಿರಿಯ ಬೆಸಿಲಿಕಾದ ಗೌರವವನ್ನು ನೀಡಿದ್ದು ನಿಮಗೆಲ್ಲ ತಿಳಿದಿದೆ. ಮಾತೆಯ ಮುಂದೆ ಮೊಂಬತ್ತಿ ಹಚ್ಚಿ, ಸ್ವಲ್ಪ ಹೊತ್ತು ಪ್ರಾರ್ಥಿಸಿ, ಹೊರಗೆ ನೆರಳಿನಲ್ಲಿ ಕುಳಿತೆವು. ಅಲ್ಲಿ ನಾನು ಆ ಹುಡುಗನಿಗೆ ಹೇಳಿದ ಸಂಗತಿಯನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಇಂದು ನಿಮಗೂ ಹೇಳುತ್ತಿದ್ದೇನೆ.

ನಾನು ಗುರುದೀಕ್ಷೆ ಪಡೆದ ಹೊಸದು. ಈ ಸೀಮೆಯ ಒಂದು ಹಳ್ಳಿಯ ಪುಟ್ಟ ದೇವಾಲಯ ನನ್ನ ಹೊಣೆಗೆ ಬಂದಿತ್ತು. ಊರಿನ ಹೆಸರು ಬೇಡ. ಅಲ್ಲಿಯವರು ಈ ಪತ್ರಿಕೆಯನ್ನು ಓದುತ್ತಾರೆ. ಮಣ್ಣಿನ ಗೋಡೆ, ಹಂಚಿನ ಮಾಡು. ಪ್ರತಿ ವರ್ಷ ಹಬ್ಬಕ್ಕೆ ಎರಡು ವಾರ ಮೊದಲು ಊರಿನ ಎಲ್ಲ ಕುಟುಂಬಗಳೂ ಸೇರಿ ಹಂಚು ಕೈಯಾಡಿಸಿ, ಗೋಡೆಗೆ ಸುಣ್ಣ ಬಳಿಯುತ್ತಿದ್ದವು. ಸುಣ್ಣ ಅರಳಿಸುವುದು ಒಬ್ಬ ಹಿರಿಯರ ಕೆಲಸ. ದೇವಾಲಯದ ಹಿಂದಿನ ಗುಂಡಿಯಲ್ಲಿ ಸುಟ್ಟ ಸುಣ್ಣದ ಹರಳು ಹಾಕಿ ನೀರೆರೆದರೆ ಅದು ಕುದಿಯುತ್ತಾ ಅರಳುವುದನ್ನು ನೋಡಲು ಮಕ್ಕಳು ಸುತ್ತ ನಿಲ್ಲುತ್ತಿದ್ದರು. ಸುಣ್ಣದ ಗುಣ ವಿಚಿತ್ರವಾದದ್ದು. ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ ಗೋಡೆಗೆ ಬಳಿದರೆ, ಬೆಂಕಿಯಲ್ಲಿ ತಾನು ಕಳೆದುಕೊಂಡ ಅನಿಲವನ್ನು ಗಾಳಿಯಿಂದ ಮರಳಿ ಪಡೆದು ಮತ್ತೆ ತೆಳುವಾದ ಕಲ್ಲೇ ಆಗುತ್ತದೆ. ಮಳೆ ಅದನ್ನು ವರ್ಷದಲ್ಲಿ ತೊಳೆದುಬಿಡುತ್ತದೆ. ಮರುವರ್ಷ ಮತ್ತೆ ಬಳಿಯಬೇಕು.

ಆ ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಹೊಲದ ಬದುವಿನ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟಿದ್ದರು. ಆದರೆ ಏಣಿ ಹಿಡಿಯುವ ಕೆಲಸ ತಮ್ಮನದು, ಏಣಿಯ ಮೇಲೆ ನಿಂತು ಬಳಿಯುವ ಕೆಲಸ ಅಣ್ಣನದು ಎಂದು ಅವರ ತಂದೆಯ ಕಾಲದಿಂದ ಬಂದಿತ್ತು. ಆ ಒಂದು ದಿನ "ಇಲ್ಲಿ ಬಿಟ್ಟೀದಿ ನೋಡು", "ಏಣಿ ಸ್ವಲ್ಪ ಇತ್ತ ಸರಿಸು" ಎಂಬಷ್ಟು ಮಾತು ಅವರ ನಡುವೆ ಆಗುತ್ತಿತ್ತು. ಅದು ರಾಜಿಯಲ್ಲ. ಆದರೂ ಮಾತು.

ನನಗೋ ಯೌವನದ ಉತ್ಸಾಹ. ದಾನಿಗಳನ್ನು ಹುಡುಕಿ ಹಣ ತಂದೆ. ಹಂಚು ಇಳಿಸಿ ಆರ್‌ಸಿಸಿ ಚಾವಣಿ ಹಾಕಿಸಿದೆ. ಒಳಗೂ ಹೊರಗೂ ಗೋಡೆಗೆ ಹೊಳೆಯುವ ಟೈಲ್ಸ್ ಅಂಟಿಸಿದೆ. ಆಶೀರ್ವಾದದ ದಿನದ ಪ್ರಬೋಧನೆಯಲ್ಲಿ ಹೆಮ್ಮೆಯಿಂದ ಸಾರಿದೆ: "ಇನ್ನು ಇಪ್ಪತ್ತೈದು ವರ್ಷ ನೀವು ಈ ಗೋಡೆಯನ್ನು ಮುಟ್ಟಬೇಕಾಗಿಲ್ಲ!" ಎಲ್ಲರೂ ಚಪ್ಪಾಳೆ ತಟ್ಟಿದರು. ಬಲಿಪೂಜೆ ಮುಗಿದ ಮೇಲೆ ಸುಣ್ಣದ ಹಿರಿಯರು ಬಳಿ ಬಂದು, "ಹಂಗಾದ್ರೆ ಸ್ವಾಮೇರ, ಮುಂದಿನ ವರ್ಷ ನಾವು ಯಾತಕ್ಕ ಬರೋದು?" ಎಂದು ಕೇಳಿದರು. ನಾನು ನಕ್ಕು, "ಪೂಜೆಗೆ ಬನ್ನಿ ಅಜ್ಜ" ಎಂದೆ. ಅವರೂ ನಕ್ಕರು. ಆ ನಗು ಸೌಜನ್ಯದ್ದೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಇಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಹಳೆಯದೆಲ್ಲ ಚೆಂದವೆಂದು ನಾನು ಹೇಳುತ್ತಿಲ್ಲ. ನಮ್ಮ ಮಾಳಿಗೆಗೆ ಕರಲು ಮಣ್ಣು ಹೊತ್ತವಳು ನನ್ನ ತಾಯಿ. ಗಂಡಸರು ಕೂಲಿಗೆ ಹೋದ ಮೇಲೆ, ಬುಟ್ಟಿ ತಲೆಯ ಮೇಲಿಟ್ಟು ಏಣಿ ಹತ್ತುತ್ತಿದ್ದಳು. ಮನೆಗೆ ಸಿಮೆಂಟಿನ ಚಾವಣಿ ಬಂದ ವರ್ಷ ಅವಳು ಅಂಗಳದಲ್ಲಿ ನಿಂತು ಮಳೆಯನ್ನು ನೋಡಿ ನಕ್ಕದ್ದು ನನಗೆ ನೆನಪಿದೆ. ಒಬ್ಬರೇ ಹೊರುವಾಗ ಸವೆತವೆಂಬುದು ಬರಿಯ ಭಾರ. ಬಡವರ ಸೋರುವ ಸೂರಿನಲ್ಲಿ ಅಧ್ಯಾತ್ಮವನ್ನು ಹುಡುಕುವ ಹಕ್ಕು, ಸೋರದ ಸೂರಿನಡಿ ಕುಳಿತು ಬರೆಯುವ ನನ್ನಂಥವರಿಗಿಲ್ಲ. ನಾನು ನೆನೆಯುತ್ತಿರುವುದು ಸೋರಿಕೆಯನ್ನಲ್ಲ, ಒಂದು ಏಣಿಗೆ ಇಬ್ಬರು ಬೇಕಾಗಿದ್ದ ದಿನವನ್ನು.

ಹುಡುಗ ಎಲ್ಲವನ್ನೂ ಕೇಳಿ ಸುಮ್ಮನಿದ್ದ. ಆಮೇಲೆ, "ನೀವು ಮತ್ತೆ ಅಲ್ಲಿಗೆ ಹೋಗಿದ್ದಿರಾ ಫಾದರ್?" ಎಂದ. ಇಲ್ಲ. ವರ್ಗವಾಗಿ ಬಂದ ಮೇಲೆ ಹೋಗಿರಲಿಲ್ಲ. ಇಪ್ಪತ್ತು ವರ್ಷಗಳ ಮೇಲಾಯಿತು. ನನ್ನ ಮನಸ್ಸಿನಲ್ಲಿ ಆ ದೇವಾಲಯ ಆಶೀರ್ವಾದದ ದಿನ ಹೇಗಿತ್ತೋ ಹಾಗೆಯೇ ಹೊಳೆಯುತ್ತಾ ನಿಂತಿತ್ತು.

ಆಗ ಅವನು ತನ್ನ ಆಟದ ಒಂದು ಗುಟ್ಟನ್ನು ಹೇಳಿದ. ಆ ಲೋಕದಲ್ಲಿ ಆಡುವವನು ಎಲ್ಲಿರುತ್ತಾನೋ ಅದರ ಸುತ್ತಮುತ್ತ ಮಾತ್ರ ಕಾಲ ನಡೆಯುತ್ತದೆ. ಅವನು ದೂರ ಹೋದರೆ ಅಲ್ಲಿಯ ಕಾಲ ನಿಂತುಬಿಡುತ್ತದೆ. ತಾಮ್ರ ಕೂಡ ಹಸಿರಾಗುವುದು ಅವನು ಹತ್ತಿರದಲ್ಲಿದ್ದಾಗಲೇ. "ಅಂದರೆ ನಾವು ಹತ್ತಿರ ಇದ್ದರೆ ಹಾಳಾಗುತ್ತೆ, ಬಿಟ್ಟು ಹೋದರೆ ಹಾಗೇ ಇರುತ್ತೆ. ಪೂರ್ತಿ ಉಲ್ಟಾ. ಅದನ್ನು ಹೇಗೆ ಸರಿ ಮಾಡೋದು ಅಂತ ಈಗ ಗೊತ್ತಾಯಿತು. ಕೊನೆಗೆ ಯಾವತ್ತು ಬಂದಿದ್ದೆವು ಅಂತ ಬರೆದಿಡಬೇಕು. ಮತ್ತೆ ಬಂದಾಗ, ಎಷ್ಟು ದಿನ ಬಂದಿಲ್ಲ ಅಂತ ಲೆಕ್ಕ ಹಾಕಿ, ಅಷ್ಟೂ ದಿನದ ಹಾಳಾಗುವಿಕೆಯನ್ನು ಒಟ್ಟಿಗೇ ತೋರಿಸಬೇಕು."

ಪ್ರಿಯ ಓದುಗರೇ, ನಾನು ಗುರುಮಠದಲ್ಲಿ ಹಲವಾರು ವರ್ಷ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದವನು. ಆ ಹುಡುಗ ಕಂಪ್ಯೂಟರಿನ ಲೆಕ್ಕವೆಂದು ಹೇಳಿದ್ದು ನನಗೆ ಆತ್ಮಪರಿಶೋಧನೆಯಂತೆ ಕೇಳಿಸಿತು. ನಾವು ಬಿಟ್ಟು ಬಂದ ಊರು, ಪತ್ರ ಬರೆಯದ ಗೆಳೆಯ, ನೋಡಲು ಹೋಗದ ಹೆತ್ತವರು, ಎಲ್ಲರೂ ನಮ್ಮ ಮನಸ್ಸಿನಲ್ಲಿ ನಾವು ಕೊನೆಯ ಬಾರಿ ಕಂಡಂತೆಯೇ ಇರುತ್ತಾರೆ. ನಾವಿಲ್ಲದೆಡೆ ಕಾಲ ನಿಂತಿದೆಯೆಂದು ನಂಬುವುದು ಎಷ್ಟು ಸುಲಭ! ಕಾಲ ನಿಂತಿರುವುದಿಲ್ಲ. ಹೋದ ದಿನ ಅಷ್ಟೂ ವರ್ಷಗಳ ಲೆಕ್ಕವನ್ನು ಒಟ್ಟಿಗೇ ನೋಡಬೇಕಾಗುತ್ತದೆ.

ಜೂನ್ ತಿಂಗಳಲ್ಲಿ, ಈಗಿನ ಧರ್ಮಕೇಂದ್ರದ ಗುರುಗಳ ಅನುಮತಿ ಪಡೆದು, ನಾನು ಆ ಹಳ್ಳಿಗೆ ಹೋದೆ. ಹುಡುಗನೂ ಬಂದಿದ್ದ. ಟೈಲ್ಸ್ ಇನ್ನೂ ಹೊಳೆಯುತ್ತಿದ್ದವು. ಆದರೆ ಬಲಿಪೀಠದ ಮೇಲಿನ ಚಾವಣಿಯಲ್ಲಿ ಕಪ್ಪು ಕಲೆ ಹರಡಿ, ಒಂದೆಡೆ ಸಿಮೆಂಟು ಕಳಚಿ, ಒಳಗಿನ ಕಬ್ಬಿಣದ ಸರಳುಗಳು ಕಾಣುತ್ತಿದ್ದವು. ಕಬ್ಬಿಣದ ತುಕ್ಕು ತಾಮ್ರದ ಕಿಲುಬಿನಂತಲ್ಲ. ಕಿಲುಬು ತೆಳುವಾಗಿ ಅಂಟಿಕೊಂಡು ಒಳಗಿನ ತಾಮ್ರವನ್ನು ಕಾಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಉಬ್ಬಿ, ಸುತ್ತಲಿನ ಸಿಮೆಂಟನ್ನು ಒಡೆದು, ಇನ್ನಷ್ಟು ನೀರಿಗೆ ದಾರಿ ಮಾಡಿಕೊಡುತ್ತದೆ. ನಾವು ಮೇಲೆ ಹತ್ತಿ ನೋಡಿದೆವು. ಮಳೆನೀರು ಹೋಗುವ ಕೊಳವೆಯ ಬಾಯಿಗೆ ಬೇವಿನ ಎಲೆಗಳು ಕಟ್ಟಿಕೊಂಡು ನೀರು ನಿಲ್ಲುತ್ತಿತ್ತು. ವರ್ಷಕ್ಕೊಮ್ಮೆ ಯಾರಾದರೂ ಹತ್ತಿ ತೆಗೆದಿದ್ದರೆ ಸಾಕಿತ್ತು. "ಯಾರೂ ಹತ್ತಲಿಲ್ಲವೇ?" ಎಂದು ಕೇಳಿದೆ. "ಮುಟ್ಟಬೇಕಾಗಿಲ್ಲ ಅಂದಿದ್ರಲ್ಲ ಸ್ವಾಮೇರ" ಎಂದರು ಒಬ್ಬರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ನನ್ನ ಮಾತನ್ನು ಅವರು ಪಾಲಿಸಿದ್ದರು.

ಸೋಮಾರಿತನದಿಂದ ಮನೆಯ ಮಾಡು ಕುಗ್ಗಿ ಸೋರುತ್ತದೆಂಬ ಅರ್ಥದ ಮಾತು ಉಪದೇಶಕನ ಗ್ರಂಥದಲ್ಲಿದೆ. ಆ ಮಾಡು ಕುಗ್ಗಿದ್ದು ಆ ಜನರ ಸೋಮಾರಿತನದಿಂದಲ್ಲ. ಅವರ ಕೈಯಿಂದ ಕೆಲಸವನ್ನು ಕಿತ್ತುಕೊಂಡವನು ನಾನು.

ಸುಣ್ಣದ ಹಿರಿಯರು ತೀರಿಕೊಂಡು ಬಹಳ ಕಾಲವಾಗಿತ್ತು. ಅಣ್ಣತಮ್ಮಂದಿರ ಬಗ್ಗೆ ವಿಚಾರಿಸಿದೆ. ತಮ್ಮ ಮೂರು ವರ್ಷದ ಹಿಂದೆ ತೀರಿಹೋದನೆಂದೂ, ಕೊನೆಯವರೆಗೂ ಅವರ ನಡುವೆ ಮಾತಿರಲಿಲ್ಲವೆಂದೂ ತಿಳಿಯಿತು. ಅದಕ್ಕೆ ನನ್ನ ಟೈಲ್ಸ್ ಕಾರಣವೆಂದು ಹೇಳಲಾರೆ. ಬದುವಿನ ಜಗಳ ನನಗಿಂತ ಹಳೆಯದು. ಆದರೆ ವರ್ಷಕ್ಕೊಮ್ಮೆ ತೆರೆಯುತ್ತಿದ್ದ ಒಂದು ಬಾಗಿಲನ್ನು ಮುಚ್ಚಿದವನು ನಾನೆಂಬುದನ್ನು ಅಲ್ಲಗಳೆಯಲಾರೆ. ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದ ಪಾಪಗಳ ಪಟ್ಟಿಯಲ್ಲಿ ಟೈಲ್ಸ್ ಅಂಟಿಸುವುದು ಇಲ್ಲ. ನಾನು ಹೇಳಿಕೊಂಡೆ.

ಭೂಮಿಯ ಮೇಲೆ ಸಂಪತ್ತನ್ನು ಕೂಡಿಡಬೇಡಿ, ಇಲ್ಲಿ ನುಸಿಯೂ ತುಕ್ಕೂ ಅದನ್ನು ತಿನ್ನುತ್ತವೆಂದು ಪ್ರಭು ಯೇಸು ಬೋಧಿಸಿದ್ದನ್ನು ನಾವು ಬಲ್ಲೆವು. ಹಾಗೆಂದು ತುಕ್ಕು ಹಿಡಿಯುವುದನ್ನೆಲ್ಲ ತುಕ್ಕಿಗೇ ಬಿಡಿರೆಂದು ಅವರು ಹೇಳಲಿಲ್ಲ. ತಮ್ಮನ್ನೇ ನಮಗೆ ಕೊಡುವಾಗ ಅವರು ಕಲ್ಲನ್ನಾಗಲಿ, ಚಿನ್ನವನ್ನಾಗಲಿ ಆರಿಸಿಕೊಳ್ಳಲಿಲ್ಲ. ಕೆಡುವ ರೊಟ್ಟಿಯನ್ನು ಆರಿಸಿಕೊಂಡರು. ದೇವಾಲಯದ ಪೆಟ್ಟಿಗೆಯಲ್ಲಿರುವ ಪರಮಪ್ರಸಾದವನ್ನು ಆಗಾಗ ಹೊಸದಾಗಿಸುತ್ತಿರಬೇಕೆಂಬುದು ಧರ್ಮಸಭೆಯ ನಿಯಮ. ವರ್ಷಕ್ಕೆ ಸಾಕಾಗುವಷ್ಟನ್ನು ಒಮ್ಮೆಗೇ ತುಂಬಿ ಬೀಗ ಹಾಕುವಂತಿಲ್ಲ. ಮತ್ತೆ ಬಲಿಪೂಜೆ ಆಗಬೇಕು, ಮತ್ತೆ ಜನ ಸೇರಬೇಕು. ಈ ನಿಯಮವನ್ನು ಯಾಜಕನಾಗಿ ಇಷ್ಟು ವರ್ಷ ಪಾಲಿಸಿದ್ದೇನೆ. ಪ್ರಭು ತಮ್ಮನ್ನು ನಮ್ಮ ಆರೈಕೆಗೆ ಒಪ್ಪಿಸಿಕೊಂಡಿದ್ದಾರೆಂದು ಅದರಲ್ಲಿ ಕಂಡದ್ದು ಮಾತ್ರ ಈ ವರ್ಷ.

ಆ ದಿನ ನಾವು ಮಾಡಿದ್ದು ಹೆಚ್ಚೇನಲ್ಲ. ಎಲೆ ತೆಗೆದೆವು, ಕೊಳವೆಯ ಬಾಯಿ ಬಿಡಿಸಿದೆವು. ಸರಳುಗಳ ದುರಸ್ತಿಗೆ ಬಲ್ಲವರೇ ಬರಬೇಕು. ಅದಕ್ಕೆ ಈಗಿನ ಗುರುಗಳು ವ್ಯವಸ್ಥೆ ಮಾಡುತ್ತಿದ್ದಾರೆ. ದೇವಾಲಯದ ಹಿಂಭಾಗದ ಕಾಂಪೌಂಡು ಗೋಡೆಗೆ ಅಂದು ಹಣ ಸಾಲದೆ ಟೈಲ್ಸ್ ಹಾಕಿಸಿರಲಿಲ್ಲ. ಇನ್ನು ಮುಂದೆ ಪ್ರತಿ ಹಬ್ಬಕ್ಕೆ ಅದಕ್ಕೆ ಸುಣ್ಣ ಬಳಿಯುವುದೆಂದು ಊರಿನವರು ಮಾತಾಡಿಕೊಂಡರು. ಸುಣ್ಣದ ಗುಂಡಿ ಎಲ್ಲಿತ್ತೆಂದು ತೋರಿಸಿದವರು ಆ ಹಿರಿಯರ ಮಗ. ಏಣಿ ತಂದವರು, ಈಗ ಎಪ್ಪತ್ತು ದಾಟಿದ ಆ ಅಣ್ಣ. ಏಣಿಯನ್ನು ಹಿಡಿದುಕೊಂಡವನು ತಮ್ಮನ ಮಗ.

ಹಿಂದಿರುಗುವಾಗ ಹುಡುಗನನ್ನು ಕೇಳಿದೆ, "ಕೊನೆಗೆ ಗೋಡೆಗೆ ಎಷ್ಟು ಆಯಸ್ಸು ಕೊಟ್ಟೆ?" "ಒಂದು ವರ್ಷ ಫಾದರ್" ಎಂದ. "ಆಮೇಲೆ ಬಿದ್ದು ಹೋಗುತ್ತದೆಯೇ?" "ಇಲ್ಲ, ಆಮೇಲೆ ಬೀಳೋಕೆ ಶುರುವಾಗುತ್ತೆ. ಯಾರಾದರೂ ಬಂದು ಸರಿ ಮಾಡಿದರೆ ಇನ್ನೊಂದು ವರ್ಷ. ಇಬ್ಬರು ಬಂದರೆ ಕೆಲಸ ಬೇಗ ಮುಗಿಯುತ್ತೆ."

ಓದುಗರೇ, ಈ ಮಾಸಪತ್ರಿಕೆಯನ್ನು ಕೆಳಗಿಟ್ಟ ಮೇಲೆ ನಿಮ್ಮ ಧರ್ಮಕೇಂದ್ರದ ದೇವಾಲಯದ ಮಾಡನ್ನೊಮ್ಮೆ ತಲೆಯೆತ್ತಿ ನೋಡಿ. ಮಳೆಗಾಲಕ್ಕೆ ಮೊದಲು ಅಲ್ಲಿ ಎಲೆ ತೆಗೆಯುವವರು ಯಾರೆಂದು ವಿಚಾರಿಸಿ. ಹಾಗೆಯೇ ನೀವು ಬಹುಕಾಲದಿಂದ ಹೋಗದ ಮನೆಯೊಂದು ಇದ್ದೀತು. ಅಲ್ಲಿ ಕಾಲ ನಿಂತಿಲ್ಲ. ಹೋಗುವಾಗ ಒಬ್ಬರೇ ಹೋಗಬೇಡಿ, ಏಣಿ ಹಿಡಿಯಲು ಮತ್ತೊಬ್ಬರನ್ನು ಕರೆದುಕೊಂಡು ಹೋಗಿ. ಹರಿಹರದ ಆರೋಗ್ಯ ಮಾತೆ ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.